ಒಲೆಯ ಮುಂದೆ ಕಾಸಿದ ಕೈ

ಹಾಸಿಗೆಯಲ್ಲಿದ್ದವನ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ.

ಎಪ್ಪತ್ತರ ದಶಕದ ಮಾತು. ಬೀಳಗಿಯ ಡಾಕ್ಟರು ಊರಲ್ಲಿರದಿದ್ದಾಗ ಹಳ್ಳಿಯೊಂದರಿಂದ ಕರೆ ಬಂತು. ಅವರ ಕಂಪೌಂಡರನಾದ ನಾನೇ ನಸುಕಿನ ಮಂಜಿನಲ್ಲಿ ಸೈಕಲ್ ತುಳಿದು ಹೋಗಿದ್ದೆ. ಕಾಲಿಗೆ ಗೋಣಿತಟ್ಟು ಸುತ್ತಿಕೊಂಡಿದ್ದರೂ ಬರಿಗೈಯಲ್ಲಿ ಹ್ಯಾಂಡಲ್ ಹಿಡಿದು ಬೆರಳುಗಳು ಮರಗಟ್ಟಿದ್ದವು.

ಹಾಸಿಗೆಯಲ್ಲಿದ್ದವನಿಗೆ ನಲವತ್ತೂ ಆಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ನನ್ನ ಕೈ ಮುಟ್ಟಿ ನೋಡಿದಳು.

"ನಿಮ್ಮ ಕೈ ಥಂಡ್ಯಾಗ ಸೆಟದಾವ್ರಿ, ಅದಕ್ಕ ಗೊತ್ತಾಗವಲ್ದು. ಕಾಸ್ಕೊಂಡು ಮತ್ತೊಮ್ಮೆ ನೋಡ್ರಿ" ಎಂದಳು.

ಒಲೆಯ ಮುಂದೆ ಮಣೆ ಹಾಕಿ ಕೂರಿಸಿದಳು. ಜೋಳದ ದಂಟು ಮುರಿದು ಹಾಕಿ ಉರಿ ಹೆಚ್ಚಿಸಿದಳು. ಇಬ್ಬನಿಯಲ್ಲಿ ನೆಂದ ನನ್ನ ಗೋಣಿತಟ್ಟನ್ನು ಬಿಚ್ಚಿಸಿ ಒಣಗಲು ಹರವಿದಳು. ಬಿಸಿ ತಾಗಿ ಬೆರಳುಗಳು ಚುರುಚುರು ಉರಿದವು. ಅವು ಬೆಚ್ಚಗಾದಷ್ಟೂ ನನಗೆ ಅಂಜಿಕೆ ಹೆಚ್ಚಾಯಿತು.

"ಈಗ ಆತೇನ್ರಿ?" ಎಂದು ಕೇಳಿದಳು.

"ಇನ್ನೊಂಚೂರು ತಡಿಯವ್ವಾ" ಎಂದೆ.

ಕೊನೆಗೆ ಎದ್ದು ಹೋಗಿ ಮತ್ತೆ ಮಣಿಕಟ್ಟು ಹಿಡಿದೆ. ಆ ಕೈ ಎಷ್ಟು ತಣ್ಣಗಿದೆಯೆಂದು ಈ ಸಲ ತಿಳಿಯಿತು. ನಾನು ಬರುವ ಮೊದಲೇ ಜೀವ ಹೋಗಿತ್ತು. ಹೇಳಬೇಕಾಗಲಿಲ್ಲ, ಅವಳು ನನ್ನ ಮುಖ ನೋಡಿ, ಅಲ್ಲೇ ಗೋಡೆಗೆ ಒರಗಿ ಕುಸಿದಳು.

ಮುಂದಿನ ಸಂತೆಯಲ್ಲಿ ಉಣ್ಣೆಯ ಕೈಗವಸು ಕೊಂಡೆ. ಚಳಿಗೆ ಅಂಜಿ ಅಲ್ಲ. ನನ್ನ ಕೈ ತಣ್ಣಗಿರುವುದಕ್ಕೇ ನಾಡಿ ಸಿಗುತ್ತಿಲ್ಲವೆಂದು ನಂಬಿ ಇನ್ನೊಬ್ಬರು ಆಸೆ ಇಟ್ಟುಕೊಂಡು ಕೂರುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.