ಒಂದೇ ಬೂತಿನ ವಿಜಯೋತ್ಸವ

ಕೊಪ್ಪದಿಂದ ಹಿರೇಕೊಡಿಗೆಗೆ ಬಾಡಿಗೆ ಜೀಪು ಓಡಿಸುತ್ತಿದ್ದ ನಮ್ಮೂರಿನವರೊಬ್ಬರು, ಪಕ್ಷ ಒಡೆದು ಹೊಸದೊಂದು ಹುಟ್ಟಿದಾಗ ಅದರ ಬೂತ್ ಏಜೆಂಟರಾದರು. ಗೇರ್ ಬದಲಿಸುವಾಗಲೆಲ್ಲ, "ನಮ್ಮ ಬೂತ್ ಮಾತ್ರ ಬಿಟ್ಟುಕೊಡೂದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಫಲಿತಾಂಶದ ದಿನ ಹೊಸ ಪಕ್ಷ ಕ್ಷೇತ್ರದಲ್ಲೆಲ್ಲ ನೆಲಕಚ್ಚಿತು. ನಮ್ಮ ಬೂತಿನಲ್ಲಿ ಮಾತ್ರ ಹನ್ನೊಂದು ವೋಟಿನ ಲೀಡು! ಅವರು ಜೀಪಿಗೆ ಬಾವುಟ ಕಟ್ಟಿ, ಪಟಾಕಿ ತುಂಬಿ, ನಮ್ಮನ್ನೆಲ್ಲ ಹತ್ತಿಸಿಕೊಂಡು ಕೊಪ್ಪ ಪೇಟೆಗೆ ಹೊರಟೇಬಿಟ್ಟರು. ಬಸ್‌ಸ್ಟ್ಯಾಂಡಿನ ಹತ್ತಿರ ಕ್ಷೇತ್ರ ಗೆದ್ದವರ ಮೆರವಣಿಗೆ ಎದುರಾಯಿತು. ಇವರು ಹಾರ್ನಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ಮೆರವಣಿಗೆಯವರೇ ನಗುತ್ತ ಬದಿಗೆ ಸರಿದು ದಾರಿ ಬಿಟ್ಟರು.

ವರ್ಷದೊಳಗೆ ಪಕ್ಷ ಮುಚ್ಚಿತು. ಹಳೆ ಪಕ್ಷಕ್ಕೆ ಮರಳಿದ್ದ ಮುಖಂಡರು ಇವರನ್ನೂ ಕರೆಯಲು ಬಂದರು. ಜೀಪಿನ ಗಾಜು ಒರೆಸುತ್ತಲೇ ಇವರು ಹೇಳಿದರು:

"ನೀವು ಸೋತವ್ರು, ಹೋಗಿ. ಗೆದ್ದ ನಾನೆಂತಕ್ಕೆ ಬರ್ಲಿ?"