ಫೋನಿನಲ್ಲಿದ್ದ ಹಸಿರು ಗೆರೆ

ಬಿಟಿಎಂ ಲೇಔಟಿನ ಲೇಡೀಸ್ ಪಿಜಿಯೊಂದರಲ್ಲಿ ಅಡುಗೆ ಮಾಡುವ ಸುಧಾಮಣಿ ಮಾತು ಕಡಿಮೆಯ ಹೆಂಗಸು. ಪಿಜಿಯ ಹುಡುಗಿಯರಲ್ಲಿ ಯಾರಿಗಾದರೂ ಜ್ವರ ಬಂದರೆ ಕೇಳದೆಯೇ ಗಂಜಿ ಕಾಯಿಸಿ ರೂಮಿಗೆ ಕೊಟ್ಟು ಬರುತ್ತಾಳೆ. ತನ್ನ ಮೈಗೆ ಏನಾದರೂ ಆದರೆ ಮಾತ್ರ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ. ಗಂಡ ಮಹೇಶ್ ಆಟೋ ಡ್ರೈವರ್. ಮಗಳು ತೇಜಸ್ವಿನಿ ಜಯನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ.

ಹೋದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮಹೇಶನಿಗೆ ಹಾರ್ಟ್ ಅಟ್ಯಾಕ್ ಆಯಿತು. ಜೀವ ಉಳಿಯಿತು, ಆದರೆ ಹೃದಯದ ಪಂಪಿಂಗ್ ಕಮ್ಮಿಯಾಗಿದೆ ಎಂದರು ಡಾಕ್ಟರು.

"ದಿನಾ ಬೆಳಗ್ಗೆ ತೂಕ ನೋಡ್ಕೊಳ್ಳಿ. ಮೈಯಲ್ಲಿ ನೀರು ತುಂಬಕ್ಕೆ ಶುರುವಾದ್ರೆ ಮೊದಲು ಗೊತ್ತಾಗೋದು ತೂಕದಲ್ಲೇ. ತೂಕ ಏರ್ತಾ ಹೋದ್ರೆ ಕಾಯ್ಬೇಡಿ, ಬಂದ್ಬಿಡಿ."

"ಆಟೋ ಯಾವಾಗ ಓಡಿಸ್ಬೋದು ಸಾರ್?" ಮಹೇಶ್ ಕೇಳಿದ್ದು ಅದೊಂದೇ.

"ತೂಕ ಹೀಗೇ ನಿಂತ್ರೆ, ಮುಂದಿನ ಸಲ ಬಂದಾಗ ನೋಡೋಣ."

ತೇಜಸ್ವಿನಿ ತೂಕದ ಯಂತ್ರ ತಂದಳು. ಗಾಜಿನ ಹಲಗೆ; ಅದರ ಮೇಲೆ ಅಂಕಿ ಕಾಣುವುದಿಲ್ಲ. ಹತ್ತಿ ನಿಂತರೆ ತೂಕ ವೈಫೈ ಮೂಲಕ ಅವಳ ಫೋನಿನ ಆ್ಯಪಿಗೆ ಹೋಗಿ ಸೇರುತ್ತದೆ. ಆ್ಯಪಿನಲ್ಲಿ ಅಪ್ಪನಿಗೊಂದು, ಅಮ್ಮನಿಗೊಂದು ಖಾತೆ ಮಾಡಿದಳು. ಆಗ ಮಹೇಶ್ ಅರವತ್ತೆಂಟು ಕೇಜಿ, ಸುಧಾಮಣಿ ಎಪ್ಪತ್ತೆರಡು. ಅಪ್ಪನ ಗ್ರಾಫ್ ಆಸ್ಪತ್ರೆಯ ನರ್ಸ್ ಸುರಭಿಗೂ ಕಾಣುವ ಹಾಗೆ ಶೇರ್ ಮಾಡಿದಳು. ಎತ್ತರ, ವಯಸ್ಸು ಹಾಕಿದ್ದೇ ತಡ, ಆ್ಯಪು ಲೆಕ್ಕ ಹಾಕಿ ಸುಧಾಮಣಿಯ ಹೆಸರಿನ ಪಕ್ಕ ಕಿತ್ತಳೆ ಬಣ್ಣದಲ್ಲಿ ತೂಕ ಜಾಸ್ತಿ ಎಂದು ತೋರಿಸಿತು.

ಗಂಡ ಹೀಗೆ ಮಲಗಿರುವಾಗ ತಾನೂ ಬಿದ್ದರೆ ಮನೆ ನಡೆಯುವುದು ಹೇಗೆ ಎಂಬ ಹೆದರಿಕೆ ಸುಧಾಮಣಿಯ ಒಳಗೆ ಕೂತಿತು. ರಾತ್ರಿ ಊಟ ಬಿಟ್ಟಳು. ಪಿಜಿಯಲ್ಲೇ ತಿಂದು ಬಂದೆ ಎನ್ನುತ್ತಿದ್ದಳು.

ವಾರಗಳು ಕಳೆದವು. ಆ್ಯಪಿನಲ್ಲಿ ಅವಳ ತೂಕ ಮೊದಮೊದಲು ಇಳಿಯಿತು, ಆಮೇಲೆ ಮತ್ತೆ ಮೊದಲಿನಷ್ಟೇ ಆಯಿತು. "ಅಮ್ಮ, ಅಡುಗೆ ರುಚಿ ನೋಡ್ತೀನಿ ಅಂತ ಅಲ್ಲೇ ಹೊಟ್ಟೆ ತುಂಬಿಸ್ಕೊಳ್ತೀಯಾ?" ಎಂದು ಮಗಳು ನಕ್ಕಳು. ಸುಧಾಮಣಿ ಬೆಳಗಿನ ತಿಂಡಿಯನ್ನೂ ಅರ್ಧ ಮಾಡಿದಳು. ಅಪ್ಪನದು ಕೊಂಚ ಏರಿದಂತೆ ಮಾಡಿ ತಾನಾಗಿಯೇ ಇಳಿದು, ಹಸಿರು ಗೆರೆ ನೆಟ್ಟಗೆ ಸಾಗಿತ್ತು. ಸುರಭಿಯೂ ಮೆಸೇಜ್ ಮಾಡಿದ್ದಳು, ಚೆನ್ನಾಗಿದೆ, ಹೀಗೇ ಇರಲಿ ಎಂದು.

ಆದರೆ ಮಹೇಶ್ ಈಗ ಎರಡು ದಿಂಬಿಟ್ಟುಕೊಂಡು ಮಲಗುತ್ತಿದ್ದ. ಅಂಗಾತ ಮಲಗಿದರೆ ಕೆಮ್ಮು. ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿಯುತ್ತಿತ್ತು.

"ರೀ, ಕಾಲು ಊದಿದೆ. ಆಸ್ಪತ್ರೆಗೆ ಹೋಗೋಣ."

"ದಿನಾ ತೂಕ ಹೋಗ್ತಿಲ್ವಾ ಅವ್ರಿಗೆ? ಏನಾದ್ರೂ ಇದ್ದಿದ್ರೆ ಅವ್ರೇ ಕರೀತಿದ್ರು. ನೀನು ಸುಮ್ನೆ ಗಾಬರಿ ಮಾಡ್ಬೇಡ."

ಅವಳು ಅವನ ದಿಂಬು ಸರಿಮಾಡಿ ಕೆಲಸಕ್ಕೆ ಹೊರಟಳು.

ಒಂದು ಮಂಗಳವಾರ ತಿಂಡಿ ಕೆಲಸ ಮುಗಿಸಿ ಮನೆಗೆ ಬಂದಾಗ ಮಹೇಶ್ ಇರಲಿಲ್ಲ. ಸೀರೆ ಬದಲಿಸಲು ಹೋದವಳಿಗೆ ರವಿಕೆ ಭುಜದಿಂದ ಜಾರುವಷ್ಟು ಸಡಿಲವಾಗಿರುವುದು ಅರಿವಿಗೆ ಬಂತು. ಹಿಂದಿನ ದಿನವಷ್ಟೇ ಮಗಳು, ನಿನ್ನ ತೂಕ ಒಂಚೂರೂ ಇಳಿದಿಲ್ಲ ಎಂದಿದ್ದಳು. ಇದು ಹೇಗೆ ಸಾಧ್ಯ? ಗಾಜಿನ ಹಲಗೆ ಎಳೆದು ಅದರ ಮೇಲೆ ನಿಂತಳು. ಇಳಿದು ಮಗಳಿಗೆ ಫೋನ್ ಮಾಡಿ, ಈಗ ಎಷ್ಟು ಬಂತು ನೋಡೇ ಎಂದಳು.

"ನಿಂದೇನೂ ಬಂದಿಲ್ಲಮ್ಮ. ಅಪ್ಪಂದು ಬಂದಿದೆ, ಅರವತ್ತೆಂಟೂವರೆ. ಅಪ್ಪ ಈಗ ನಿಂತಿದ್ರಾ?"

"ಅಪ್ಪ ಮನೇಲಿಲ್ಲ ಕಣೇ. ನಿಂತಿದ್ದು ನಾನು."

ತೇಜಸ್ವಿನಿ ಹಳೇ ಅಂಕಿಗಳನ್ನು ತೆರೆದು ನೋಡಿದಳು. "ಅಮ್ಮ, ಈ ಮೆಷಿನ್ನಿಗೆ ಯಾರು ನಿಂತಿದಾರೆ ಅಂತ ಗೊತ್ತಾಗಲ್ಲ. ಬಂದ ತೂಕ ಯಾರ ಹಳೇ ತೂಕಕ್ಕೆ ಹತ್ರ ಇದ್ಯೋ ಅವ್ರ ಹೆಸರಿಗೆ ಹಾಕುತ್ತೆ. ನೀನು ಇಳಿದು ಅಪ್ಪನ ಅಂಕಿಗೆ ಬಂದ್ಬಿಟ್ಟಿದೀಯ. ಇಷ್ಟು ದಿನ ಎಪ್ಪತ್ತೆರಡು, ಎಪ್ಪತ್ಮೂರು ಅಂತ ನಿನ್ನ ಹೆಸರಲ್ಲಿ ಬರ್ತಿದ್ದಿದ್ದು..."

ಮಾತು ಮುಗಿಯುವ ಮೊದಲೇ ಸುಧಾಮಣಿ ಫೋನ್ ಇಟ್ಟು ಗಂಡನಿಗೆ ಮಾಡಿದಳು. ರಿಂಗಾಗಿ ನಿಂತುಹೋಯಿತು. ಮತ್ತೆ ಮಾಡಿದಳು, ಎತ್ತಲಿಲ್ಲ. ಓಣಿಯ ತುದಿಯ ಆಟೋ ಸ್ಟ್ಯಾಂಡಿಗೆ ಬರಿಗಾಲಲ್ಲೇ ಓಡಿದಳು. ಮಹೇಶನ ಗೆಳೆಯ ಗುರುಸಿದ್ದ ಅಲ್ಲಿದ್ದ.

"ಹೇಳ್ಬೇಡ ಅಂದಿದ್ದ ಅಕ್ಕ. ಇವತ್ತು ಗಾಡಿ ತೆಗ್ದಿದಾನೆ. ತಲಘಟ್ಟಪುರಕ್ಕೆ ಬಾಡಿಗೆ ಬಂತು ಅಂತ ಹೋದ."

"ಗಾಡಿ ಸ್ಟಾರ್ಟ್ ಮಾಡಣ್ಣ."

ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿಯುವವರೆಗೂ ಅವಳು ಫೋನ್ ಮಾಡುತ್ತಲೇ ಇದ್ದಳು. ಎದುರಿಗೆ ಬರುವ ಒಂದೊಂದು ಆಟೋದ ನಂಬರನ್ನೂ ನೋಡುತ್ತಿದ್ದಳು. ಕೊನೆಗೊಮ್ಮೆ ಯಾರೋ ಫೋನ್ ಎತ್ತಿದರು. ಹೆಂಗಸಿನ ದನಿ.

"ಹಲೋ, ಈ ಆಟೋದವ್ರು ನಿಮ್ಮವ್ರಾ? ಉಸಿರಾಡಕ್ಕೆ ಆಗ್ತಿಲ್ಲ ಇವ್ರಿಗೆ. ಗಾಡಿ ಸೈಡಿಗೆ ಹಾಕಿ ಹಾಗೇ ಒರಗ್ಬಿಟ್ರು. ಕೋಣನಕುಂಟೆ ಕ್ರಾಸ್ ಮೆಟ್ರೋ ಹತ್ರ ಇದೀವಿ. ಹಿಂದಿನ ಸೀಟಲ್ಲಿ ಮಲಗಿಸ್ಲಾ?"

"ಮಲಗಿಸ್ಬೇಡಿ ಮೇಡಂ. ಕೂತೇ ಇರ್ಲಿ. ನಾವು ಬಂದ್ವಿ."

ಮಹೇಶನ ತುಟಿ ಕಪ್ಪಿಟ್ಟಿತ್ತು. ಎದೆಯೊಳಗಿಂದ ಗೊರಗೊರ ಸದ್ದು. ಹೆಂಡತಿಯನ್ನು ಕಂಡು ಏನೋ ಹೇಳಲು ಹೋದ, ಉಸಿರು ಸಾಲಲಿಲ್ಲ. ಫೋನ್ ಎತ್ತಿದ ಹೆಂಗಸೂ ಕೈಕೊಟ್ಟು ಅವನನ್ನು ಗುರುಸಿದ್ದನ ಗಾಡಿಗೆ ದಾಟಿಸಿದಳು. ಸುಧಾಮಣಿ ಅವನನ್ನು ಎದೆಗೆ ಒರಗಿಸಿಕೊಂಡು ಕೂತಳು. ಜೆಪಿ ನಗರದ ಅದೇ ಆಸ್ಪತ್ರೆ ಬರುವವರೆಗೆ ಅವನ ಒಂದೊಂದು ಉಸಿರೂ ಅವಳ ಕೈಗೆ ತಿಳಿಯುತ್ತಿತ್ತು. ಸಿಗ್ನಲ್ಲುಗಳಲ್ಲಿ ಗುರುಸಿದ್ದ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಎಮರ್ಜೆನ್ಸಿಯಲ್ಲಿ ಆಕ್ಸಿಜನ್ ಹಾಕುತ್ತಿರುವಾಗ ಸುರಭಿ ಓಡಿಬಂದಳು. ಕೈಯಲ್ಲಿದ್ದ ಟ್ಯಾಬ್ ನೋಡಿ ಗೊಂದಲಕ್ಕೆ ಬಿದ್ದಳು. "ಇವತ್ತೂ ತೂಕ ಸರಿಯಾಗೇ ಇದೆಯಲ್ಲ ಆಂಟಿ. ಅರವತ್ತೆಂಟೂವರೆ."

"ಅದು ನನ್ನ ತೂಕ ಕಣಮ್ಮ. ಅವ್ರದ್ದು ನನ್ನ ಹೆಸರಲ್ಲಿದೆ. ಐದು ಕೇಜಿ ಏರಿದಾರೆ."

ಸುರಭಿ ಡಾಕ್ಟರ ಹತ್ತಿರ ಓಡಿದಳು. ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು, ಐಸಿಯುಗೆ ಒಯ್ದರು.

ಅಂಗಡಿಯಿಂದ ಬಂದ ತೇಜಸ್ವಿನಿ ವರಾಂಡದ ಕುರ್ಚಿಯಲ್ಲಿ ಕೂತು ಆ್ಯಪ್ ತೆರೆದಳು. ಇಬ್ಬರ ತೂಕವೂ ಎಪ್ಪತ್ತರ ಆಸುಪಾಸಿನಲ್ಲಿ ಒಂದನ್ನೊಂದು ದಾಟಿತ್ತು, ಅಲ್ಲಿಂದಾಚೆಯದೆಲ್ಲ ಅದಲುಬದಲು. ಒಂದೊಂದನ್ನೇ ಅವರವರ ಖಾತೆಗೆ ಸರಿಸಿದಳು. ನೆಟ್ಟಗಿದ್ದ ಗೆರೆ ಮೇಲಕ್ಕೆ ಹತ್ತುತ್ತ ಹೋಯಿತು. ಅಮ್ಮನದು ಕೆಳಕ್ಕೆ. ಅವಳು ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಅಳತೊಡಗಿದಳು. "ನಾನೇ ಸೆಟ್ ಮಾಡಿದ್ದಮ್ಮ."

ಸುಧಾಮಣಿಗೆ ಸಿಟ್ಟಿತ್ತು. ಮಗಳ ಮೇಲೋ ಫೋನಿನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ಮಗಳ ಬೆನ್ನ ಮೇಲೆ ಕೈಯಿಟ್ಟಳು. "ಕಾಲು ಊದಿದ್ದು ನಾನೂ ಕಣ್ಣಾರೆ ನೋಡಿದ್ದೆ ಕಣೇ," ಎಂದಳು.

ಮಾರನೆಯ ದಿನ ನೀರು ಇಳಿಯತೊಡಗಿತು. ವಾರ್ಡಿಗೆ ಬಂದ ಮೇಲೆ ಮಹೇಶ್ ಹೆಂಡತಿಯ ಕೈ ಹಿಡಿದುಕೊಂಡ.

"ಹದಿನೈದು ದಿನದಿಂದ ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ತಿತ್ತು. ಹೇಳಿದ್ರೆ ಆಟೋ ಬೇಡ ಅಂತಾರೆ ಅಂತ ಹೇಳ್ಲಿಲ್ಲ. ಗೆರೆ ಸರಿಯಾಗಿದೆಯಲ್ಲ, ನಂದೇ ಭ್ರಮೆ ಅನ್ಕೊಂಡೆ." ಮಗಳಿಂದ ಎಲ್ಲ ತಿಳಿದುಕೊಂಡಿದ್ದವನು ಕೇಳಿದ: "ನೀನ್ಯಾಕೆ ಊಟ ಬಿಟ್ಟೆ?"

"ನಾನೂ ಬಿದ್ರೆ ನಿಮ್ಮನ್ನ ಯಾರು ನೋಡ್ಕೊಳ್ತಾರೆ ಅಂತ."

ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಯಂತ್ರದ ಕಂಪನಿಗೆ ತೇಜಸ್ವಿನಿ ಬರೆದಳು. ಪ್ರತಿ ಸಲ ಯಾರ ತೂಕ ಎಂದು ಕೇಳುವ ಸೆಟ್ಟಿಂಗ್ ಇದೆ, ಅದನ್ನು ನೀವೇ ಆನ್ ಮಾಡಿಕೊಳ್ಳಬೇಕಿತ್ತು ಎಂದು ಉತ್ತರ ಬಂತು. ಅವಳು ಅಮ್ಮನ ಖಾತೆಯನ್ನೇ ಅಳಿಸಿಹಾಕಿದಳು. ಸುರಭಿ ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಕಾಲು ಹೇಗಿದೆ, ಎಷ್ಟು ದಿಂಬು ಇಟ್ಕೊಳ್ತೀರಾ ಎಂದು ಕೇಳಿದ ಮೇಲೇ ತೂಕದ ಮಾತು. ಮಹೇಶ್ ಆಟೋವನ್ನು ಇನ್ನೂ ಮುಟ್ಟಿಲ್ಲ. ಪಿಜಿಗೆ ಬೇಕಾದ ತರಕಾರಿ ಬಿಡಿಸಿ ಕೊಡುವುದು ಸದ್ಯಕ್ಕೆ ಅವನ ಕೆಲಸ. ಬೀನ್ಸಿನ ನಾರು ಸರಿಯಾಗಿ ತೆಗೆಯುವುದಿಲ್ಲ ಎಂದು ಸುಧಾಮಣಿ ದಿನಾ ಬೈಯುತ್ತಾಳೆ.