ಅಕ್ಕ ಬರೆದ ಅರ್ಕಾವತ್ತಿನ ಮ್ಯಾಕ್ರೋ

ನಿಪ್ಪಾಣಿಯ ನಮ್ಮ ಸಣ್ಣ ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಮೊದಲು ಕೂತವಳು ನನ್ನ ಅಕ್ಕ. ಚಿಕ್ಕೋಡಿಯ ಕ್ಲಾಸಿಗೆ ಬಸ್ಸಿನಲ್ಲಿ ಓಡಾಡಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದಳು.

ಆಗಿನ ಎಡಿಟರ್ ತಂತ್ರಾಂಶದಲ್ಲಿ ಕನ್ನಡ ಜೋಡಿಸುವುದೆಂದರೆ ಗೋಳು. 'ಧರ್ಮ' ಎಂದು ಹೊಡೆದರೆ ಅರ್ಕಾವತ್ತು ಮಕಾರಕ್ಕಿಂತ ಮೊದಲೇ ಬಂದು ಕೂರುತ್ತಿತ್ತು. ಒಂದೊಂದನ್ನೂ ಕೈಯಿಂದ ಸರಿಸಬೇಕು. ಅಕ್ಕ ಅದಕ್ಕೊಂದು ಮ್ಯಾಕ್ರೋ, ಎಂದರೆ ಎಡಿಟರ್ ಒಳಗೇ ನಡೆಯುವ ಪುಟ್ಟ ಪ್ರೋಗ್ರಾಂ, ಬರೆದಳು. ಒಂದು ಕೀಲಿ ಒತ್ತಿದರೆ ಇಡೀ ಪುಟದ ಅಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದವು. ಯಂತ್ರ ಅದನ್ನು ಸಾಲು ಸಾಲಾಗಿ ಓದಿ ನಡೆಸುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಹಾಗಾಗಿ ಕಂಪೈಲ್ ಮಾಡಿ, ಯಂತ್ರಕ್ಕಷ್ಟೇ ತಿಳಿಯುವ ಸಂಕೇತಕ್ಕೆ ಇಳಿಸಿದಳು. ಅಲ್ಲಿಂದ ಮುಂದೆ ಎಡಿಟರ್ ತೆರೆದ ಕೂಡಲೇ ಅದು ಲೋಡ್ ಆಗಿ ಕ್ಷಣದಲ್ಲಿ ಕೆಲಸ ಮುಗಿಸುತ್ತಿತ್ತು.

"ನನಗೂ ಕಲಿಸ್ ಅಕ್ಕಾ," ಎಂದೆ.

"ಮುಂದಿನ ವಾರ ಕುಂಡ್ರೂಣು ತಮ್ಮಾ. ಇನ್ನೂ ಒಂದ್ ತಪ್ಪೈತಿ ಅದರಾಗ."

ಅಷ್ಟರಲ್ಲಿ ಅವಳಿಗೆ ಕಾಮಾಲೆ ಏರಿತು. ಮಿರಜಿನ ಆಸ್ಪತ್ರೆಗೆ ಒಯ್ದೆವು. ಬದುಕಲಿಲ್ಲ.

ಮ್ಯಾಕ್ರೋ ನಡೆಯುತ್ತಲೇ ಇತ್ತು, ಅದೇ ತಪ್ಪಿನೊಂದಿಗೆ. ಅರ್ಕಾವತ್ತಿನ ಜೊತೆ ದೀರ್ಘ ಬಂದರೆ ಪಕ್ಕದ ಅಕ್ಷರವನ್ನು ನುಂಗುತ್ತಿತ್ತು. ತಿದ್ದೋಣವೆಂದು ಫೈಲು ತೆರೆದರೆ ಪರದೆಯ ತುಂಬ ಯಂತ್ರದ ಸಂಕೇತಗಳೇ: ನಗುವ ಮುಖದ ಚಿಹ್ನೆಗಳು, ಮುರಿದ ಗೆರೆಗಳು. ಅವಳು ಬರೆದ ಒಂದು ಸಾಲೂ ಕಾಣಲಿಲ್ಲ. ಮೂಲ ಬರಹವಿದ್ದ ಫ್ಲಾಪಿಗೆ ಬೂಷ್ಟು ಹಿಡಿದು ತೆರೆಯಲು ಬರುತ್ತಿರಲಿಲ್ಲ. ಚಿಕ್ಕೋಡಿಗೆ ಹೋಗಿ ಅವಳ ಮಾಸ್ತರರನ್ನು ಕಂಡೆ.

"ಇದರೊಳಗಿಂದ ಅಕ್ಕ ಬರದದ್ದು ತಗಿಯಾಕ ಬರತೈತೇನ್ರಿ ಸರ್?"

"ಹಿಟ್ಟಿನಿಂದ ಜ್ವಾಳಾ ಮಾಡಾಕ ಬರತೈತೇನಪಾ?" ಎಂದರು. ಹೇಳುವಾಗ ಅವರ ಕಣ್ಣೂ ತುಂಬಿತ್ತು.

ಕೆಲವು ವರ್ಷಕ್ಕೆ ಆ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಎಡಿಟರ್‌ನ ಹೊಸ ಆವೃತ್ತಿ. ನಕಲು ಮಾಡಿಟ್ಟಿದ್ದ ಮ್ಯಾಕ್ರೋ ಲೋಡ್ ಮಾಡಿದೆ. 'ಇದು ಈ ಆವೃತ್ತಿಯದಲ್ಲ' ಎಂದು ತಳ್ಳಿಹಾಕಿತು. ಮತ್ತೆ ಮತ್ತೆ ಮಾಡಿದೆ. ಅದೇ ಮಾತು. ತಿಳಿದಷ್ಟರಲ್ಲಿ ನಾನೇ ಒಂದು ಮ್ಯಾಕ್ರೋ ಬರೆಯಲು ಕೂತೆ. ನನ್ನದು ಲಗ್ನಪತ್ರಿಕೆಯ ಹೆಸರುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿತು.

"ಸಾಕ್ ಬಿಡೋ, ಪುಣೆದಿಂದ ಹೊಸಾ ಪ್ಯಾಕೇಜ್ ತರಸೂಣು," ಎಂದರು ಅಪ್ಪ.

ಆ ಹೊಸ ತಂತ್ರಾಂಶ ಬಂದ ದಿನ ಅವ್ವ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಳು. "ಅಕಿ ಮಾಡಿದ್ದು ಇದರಾಗ ಐತೇನು?"

"ಇಲ್ಲವ್ವಾ."

ಅವ್ವ ಒಳಗೆ ಹೋದಳು. ಆ ಕೋಣೆಗೆ ಆಮೇಲೆ ಕಾಲಿಡಲಿಲ್ಲ. ನಾನೂ ಮತ್ತೆ ಪ್ರೋಗ್ರಾಂ ಕಲಿಯುವ ಗೊಡವೆಗೆ ಹೋಗಲಿಲ್ಲ.